ಮಿಕ್ಕಿ ಮನೆ ಬಾಗಿಲು ತೆರೆದಿದೆ, ಮಾಸ್ಕ್ ಹಾಕ್ಕೊಂಡು ಬನ್ನಿ

2020ರ ಜುಲೈ 11, ಶನಿವಾರ. ಹೆಚ್ಚುಕಡಿಮೆ ನಾಲ್ಕು ತಿಂಗಳು ಬೀಗ ಹಾಕಿದ್ದ ಒರ್ಲಾಂಡೊದ ಮ್ಯಾಜಿಕ್ ಕಿಂಗ್‌ಡಮ್ ಅವತ್ತು ಬಾಗಿಲು ತೆರೆಯಿತು. ಅದೇ ದಿನ ಅಧ್ಯಕ್ಷ ಟ್ರಂಪ್ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ಭೇಟಿ ಕೊಟ್ಟಾಗ ಮೊದಲ ಸಲ ಸಾರ್ವಜನಿಕವಾಗಿ, ಕ್ಯಾಮೆರಾಗಳ ಮುಂದೆ ಮಾಸ್ಕ್ ಹಾಕಿಕೊಂಡರು. ಮರುದಿನ ಭಾನುವಾರ ಫ್ಲಾರಿಡಾ ರಾಜ್ಯ ಪ್ರಕಟಿಸಿದ ಹೊಸ ಕೊರೊನಾ ಪ್ರಕರಣಗಳು 15,299. ಅಮೆರಿಕದ ಯಾವ ರಾಜ್ಯದಲ್ಲೂ ಅಲ್ಲಿಯವರೆಗೆ ಒಂದೇ ದಿನ ಅಷ್ಟು ಪ್ರಕರಣ ಬಂದಿರಲಿಲ್ಲ.

ಈ ಮೂರೂ ಸುದ್ದಿಯನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದರೆ ಇಲ್ಲಿನ ಆಗಿನ ಗೊಂದಲ ಪೂರ್ತಿ ಅರ್ಥವಾಗುತ್ತೆ. ರೋಗ ಏರುತ್ತಿತ್ತು, ಪಾರ್ಕು ತೆರೆಯುತ್ತಿತ್ತು, ನಡುವೆ ನಿಂತಿದ್ದದ್ದು ಎರಡು ಪದರದ ಒಂದು ತುಂಡು ಬಟ್ಟೆ. ಆ ಬಟ್ಟೆಯ ಮೇಲೆ ಊರಿಗೆ ಊರೇ ಜಗಳ ಆಡುತ್ತಿತ್ತು. ನಮ್ಮ ಮನೆಯಿಂದ ಆ ಪಾರ್ಕಿಗೆ ಕಾರಲ್ಲಿ ಅರ್ಧ ಗಂಟೆ. ಹಾಗಾಗಿ ಜಗಳ ನಮ್ಮ ಹಾಲ್‌ಗೂ ಬಂದು ಕೂತಿತ್ತು.

ಬೆಂಗಳೂರಿನಲ್ಲಿ ಕೂತು ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ಒರ್ಲಾಂಡೊ ಅಂದರೆ ಥೀಮ್ ಪಾರ್ಕ್, ಥೀಮ್ ಪಾರ್ಕ್ ಅಂದರೆ ಒರ್ಲಾಂಡೊ. ಮ್ಯಾಜಿಕ್ ಕಿಂಗ್‌ಡಮ್ ಒಂದಕ್ಕೇ ವರ್ಷಕ್ಕೆ 2 ಕೋಟಿಗೂ ಹೆಚ್ಚು ಜನ ಬರುತ್ತಿದ್ದರು. ನಮ್ಮ ಬಿಡದಿಯ ವಂಡರ್‌ಲಾ ಮುಚ್ಚಿದರೆ ಬೆಂಗಳೂರಿಗೆ ಒಂದು ಭಾನುವಾರದ ಮಜಾ ಕಡಿಮೆ ಆಗುತ್ತೆ ಅಷ್ಟೆ. ಇಲ್ಲಿ ಪಾರ್ಕು ಮುಚ್ಚಿದರೆ ಹೋಟೆಲ್ ಮುಚ್ಚುತ್ತೆ, ಟ್ಯಾಕ್ಸಿ ನಿಲ್ಲುತ್ತೆ, ಪಕ್ಕದ ಮನೆಯವರ ಬಾಡಿಗೆ ನಿಲ್ಲುತ್ತೆ. ಮಾರ್ಚ್ 16ರಿಂದ ಡಿಸ್ನಿಯ ನಾಲ್ಕೂ ಪಾರ್ಕು, ಯೂನಿವರ್ಸಲ್, ಎಲ್ಲ ಬಂದ್. ಏಪ್ರಿಲ್‌ನಲ್ಲಿ ಹತ್ತಾರು ಸಾವಿರ ಕೆಲಸಗಾರರನ್ನು ಸಂಬಳ ಇಲ್ಲದ ರಜೆಯ ಮೇಲೆ ಕಳಿಸಿದರು. 'ಮಜಾ ಮಾಡೋದಕ್ಕೋಸ್ಕರ ಪ್ರಾಣ ಪಣಕ್ಕಿಡ್ತಾರಲ್ಲ' ಅಂತ ದೂರದಿಂದ ಬೈಯೋದು ಸುಲಭ. ಆದರೆ ಇದು ಬರೀ ಮಜಾದ ಪ್ರಶ್ನೆ ಅಲ್ಲ.

ಮೊದಲು ತೆರೆದಿದ್ದು ಪಾರ್ಕುಗಳಲ್ಲ, ಅಂಗಡಿ ಬೀದಿಗಳು. ಮೇ 14ಕ್ಕೆ ಯೂನಿವರ್ಸಲ್‌ನ ಸಿಟಿವಾಕ್, ಮೇ 20ಕ್ಕೆ ಡಿಸ್ನಿ ಸ್ಪ್ರಿಂಗ್ಸ್. ಈ ಡಿಸ್ನಿ ಸ್ಪ್ರಿಂಗ್ಸ್ ಅನ್ನೋದು ಕೆರೆ ದಂಡೆಯ ಮೇಲೆ ಕಟ್ಟಿರುವ ಒಂದು ದೊಡ್ಡ ಅಂಗಡಿ-ಹೋಟೆಲುಗಳ ಬೀದಿ. ಟಿಕೆಟ್ ಇಲ್ಲ, ಪಾರ್ಕಿಂಗ್ ಫ್ರೀ. ಸಂಜೆ ಕೆಲಸ ಮುಗಿಸಿ ಒಂದು ಐಸ್‌ಕ್ರೀಂ ತಿಂದು ಬರೋಣ ಅಂತ ಇಲ್ಲಿನ ಜನ ಹೋಗುವ ಜಾಗ. ತೀರಾ ಚಿಕ್ಕ ಮಕ್ಕಳನ್ನು ಬಿಟ್ಟು ಅಲ್ಲಿಗೆ ಬರುವ ಪ್ರತಿಯೊಬ್ಬರೂ, ಬಯಲಲ್ಲಿ ನಡೆಯುವಾಗಲೂ ಮಾಸ್ಕ್ ಹಾಕಲೇಬೇಕು ಅಂತ ಕಂಪನಿ ಹೇಳಿತು. ಆಗಿನ್ನೂ ಸರ್ಕಾರದಿಂದ ಅಂಥ ಆದೇಶ ಇರಲಿಲ್ಲ. ಆರೆಂಜ್ ಕೌಂಟಿಯ ಮೇಯರ್ ಜೆರ್ರಿ ಡೆಮಿಂಗ್ಸ್ ಅವರ ಮಾಸ್ಕ್ ಆದೇಶ ಜಾರಿಗೆ ಬಂದಿದ್ದು ಜೂನ್ 20ಕ್ಕೆ, ಒಂದು ತಿಂಗಳ ನಂತರ. ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಇಡೀ ರಾಜ್ಯಕ್ಕೆ ಒಂದು ಆದೇಶ ಕೊಡಲೇ ಇಲ್ಲ. (ಇಲ್ಲಿ ರಾಜ್ಯಪಾಲ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ, ರಾಜಭವನದವರಲ್ಲ.)

ಅಂದರೆ ಮಿಕ್ಕಿ ಮೌಸ್ ಸರ್ಕಾರಕ್ಕಿಂತ ಮುಂಚೆ ಕಾನೂನು ಮಾಡಿತು. ಜಗಳ ಶುರುವಾಗಿದ್ದೇ ಅಲ್ಲಿ.

'ನನ್ನ ಮುಖ, ನನ್ನ ಇಷ್ಟ'

ಈ ಊರಿನ ಕನ್ನಡಿಗರದ್ದೊಂದು ವಾಟ್ಸಾಪ್ ಗುಂಪಿದೆ. ಸಾಮಾನ್ಯವಾಗಿ ಅಲ್ಲಿ ಯಾರ ಮನೆಯಲ್ಲಿ ಕರಿಬೇವಿನ ಗಿಡ ಇದೆ, ಯಾರು ಊರಿಗೆ ಹೋಗ್ತಿದಾರೆ, ಹಪ್ಪಳ ತರ್ತಾರಾ, ಇಂಥ ಮಾತು. ಮೇ ತಿಂಗಳಿಂದ ಬರೀ ಮಾಸ್ಕು. ಅಲ್ಲಿನ ವಾದಗಳನ್ನು ಓದುತ್ತಾ ಹೋದರೆ ಅಮೆರಿಕದ ಟಿವಿ ಚರ್ಚೆಯನ್ನೇ ಕನ್ನಡದಲ್ಲಿ ನೋಡಿದ ಹಾಗೆ.

ಮೊದಲನೇ ವಾದ ಸ್ವಾತಂತ್ರ್ಯದ್ದು. ನನ್ನ ಮುಖ, ನನ್ನ ಇಷ್ಟ, ಕಂಪನಿ ಯಾರು ಹೇಳೋಕೆ? ನನಗೆ ಈ ವಾದ ಯಾವತ್ತೂ ಹತ್ತಲಿಲ್ಲ. ಧರ್ಮಸ್ಥಳದಲ್ಲಿ ದರ್ಶನಕ್ಕೆ ಹೋಗುವ ಗಂಡಸರು ಶರ್ಟ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ಮೈಸೂರು ಅರಮನೆ ಒಳಗೆ ಹೋಗಬೇಕಾದರೆ ಚಪ್ಪಲಿ ಹೊರಗೆ. ಯಾರೂ ಸಂವಿಧಾನದ ಪುಸ್ತಕ ತೆಗೆಯೋದಿಲ್ಲ. ಅವರ ಜಾಗ, ಅವರ ನಿಯಮ. ಆಗದಿದ್ದರೆ ಹೊರಗಿಂದಲೇ ಕೈ ಮುಗಿದು ಬರಬಹುದು. ಅಮೆರಿಕದ ಅಂಗಡಿಗಳ ಬಾಗಿಲ ಮೇಲೂ ಶರ್ಟ್ ಇಲ್ಲ, ಶೂ ಇಲ್ಲ ಅಂದ್ರೆ ಸರ್ವೀಸ್ ಇಲ್ಲ ಅನ್ನೋ ಬೋರ್ಡು ದಶಕಗಳಿಂದ ನೇತಾಡುತ್ತಿದೆ. ಅದನ್ನು ಸಹಿಸಿಕೊಂಡವರಿಗೆ ಈ ತುಂಡು ಬಟ್ಟೆ ಮಾತ್ರ ಯಾಕೆ ಗುಲಾಮಗಿರಿ ಅನ್ನಿಸಬೇಕು?

ಇದು ಹೊಸ ಜಗಳವೂ ಅಲ್ಲ. 1918ರ ಫ್ಲೂ ಬಂದಾಗ ಸ್ಯಾನ್ ಫ್ರಾನ್ಸಿಸ್ಕೊ ನಗರ ಮಾಸ್ಕ್ ಕಡ್ಡಾಯ ಮಾಡಿತ್ತು. ನವೆಂಬರ್‌ನಲ್ಲಿ ತೆಗೆದರು, ರೋಗ ಮತ್ತೆ ಏರಿದ ಮೇಲೆ 1919ರ ಜನವರಿಯಲ್ಲಿ ಮತ್ತೆ ಹಾಕಿದರು. ಆಗ ಜನ 'ಮಾಸ್ಕ್ ವಿರೋಧಿ ಸಂಘ' ಅಂತಲೇ ಒಂದು ಕಟ್ಟಿಕೊಂಡು ಸಭೆ ಮಾಡಿದ್ದರು. ನೂರು ವರ್ಷ ಆದರೂ ವಾದಗಳು ಹಾಗೇ ಇವೆ.

ಸ್ವಾತಂತ್ರ್ಯದ ವಾದಕ್ಕಿಂತ ಗಟ್ಟಿಯಾದ ಇನ್ನೊಂದು ವಾದ ಇದೆ: ನಂಬಿಕೆಯದ್ದು. ಫೆಬ್ರವರಿ ಕೊನೆಯಲ್ಲಿ ಅಮೆರಿಕದ ಸರ್ಜನ್ ಜನರಲ್ ಅವರೇ ಜನ ಮಾಸ್ಕ್ ಕೊಳ್ಳೋದನ್ನು ನಿಲ್ಲಿಸಬೇಕು ಅಂತ ಟ್ವೀಟ್ ಮಾಡಿದ್ದರು. ಏಪ್ರಿಲ್ 3ಕ್ಕೆ ಸಿಡಿಸಿ ಎಲ್ಲರೂ ಬಟ್ಟೆಯ ಮಾಸ್ಕ್ ಹಾಕಿ ಅಂದಿತು. ವಿಶ್ವ ಆರೋಗ್ಯ ಸಂಸ್ಥೆ ಅದೇ ಮಾತಿಗೆ ಬಂದಿದ್ದು ಜೂನ್ 5ಕ್ಕೆ. ಜನಕ್ಕೆ ತಲೆ ಕೆಡೋದು ಸಹಜ. ಆವತ್ತು ಕಾರಣ ಇತ್ತು. ಆಸ್ಪತ್ರೆಯವರಿಗೇ ಮಾಸ್ಕ್ ಸಾಲುತ್ತಿರಲಿಲ್ಲ, ಲಕ್ಷಣ ಇಲ್ಲದವರಿಂದಲೂ ರೋಗ ಹರಡುತ್ತೆ ಅನ್ನೋದು ಇನ್ನೂ ಗಟ್ಟಿಯಾಗಿರಲಿಲ್ಲ. ಆದರೆ ಬದಲಾವಣೆ ಯಾಕೆ ಅಂತ ಸರಿಯಾಗಿ ಯಾರೂ ಹೇಳಲಿಲ್ಲ. ನಮ್ಮ ಫೀಲ್ಡ್‌ನಲ್ಲಿ ರಿಲೀಸ್ ನೋಟ್ಸ್ ಇಲ್ಲದೆ ಅಪ್‌ಡೇಟ್ ತಳ್ಳಿದರೆ ಬಳಕೆದಾರರು ಏನು ಮಾಡ್ತಾರೆ? ಅಪ್‌ಡೇಟ್ ಆಫ್ ಮಾಡ್ತಾರೆ. ಇಲ್ಲೂ ಅದೇ ಆಯಿತು.

ಕೋರಸ್ ಹಾಡಿದವರು, ಕೂದಲು ಕತ್ತರಿಸಿದವರು

ಸರಿ, ಮಾಸ್ಕ್ ಕೆಲಸ ಮಾಡುತ್ತಾ? ಆಗ ಇದ್ದ ಮಾಹಿತಿಯಲ್ಲಿ ನನಗೆ ಮನವರಿಕೆ ಮಾಡಿದ್ದು ಎರಡು ಘಟನೆ. ಎರಡೂ ಸಿಡಿಸಿ ವರದಿಯಲ್ಲಿವೆ.

ಒಂದು, ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕೌಂಟಿಯದ್ದು. ಮಾರ್ಚ್ 10ರಂದು ಒಂದು ಹಾಡುಗಾರರ ತಂಡ ಎರಡೂವರೆ ಗಂಟೆ ಅಭ್ಯಾಸ ಮಾಡಿತು. ಬಂದವರು 61 ಜನ. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣ ಇತ್ತು. ಖಚಿತವಾದವರು, ಬಹುತೇಕ ಖಚಿತ ಅನ್ನಿಸಿದವರು ಸೇರಿ ಕೊನೆಗೆ ಕಾಯಿಲೆ ಬಿದ್ದವರು 53 ಜನ. ಇಬ್ಬರು ತೀರಿಕೊಂಡರು. ಯಾರೂ ಯಾರ ಮೇಲೂ ಕೆಮ್ಮಲಿಲ್ಲ, ಬರೀ ಗಂಟಲು ಬಿಟ್ಟು ಹಾಡಿದರು.

ಇನ್ನೊಂದು, ಮಿಸ್ಸೂರಿಯ ಸ್ಪ್ರಿಂಗ್‌ಫೀಲ್ಡ್‌ನ ಒಂದು ಸಲೂನಿನದ್ದು. ವರದಿ ಬಂದಿದ್ದು ಅದೇ ಜುಲೈ 14ಕ್ಕೆ. ಇಬ್ಬರು ಕೇಶ ವಿನ್ಯಾಸಕಿಯರಿಗೆ ಕೊರೊನಾ ಇತ್ತು, ಲಕ್ಷಣ ಕಾಣಿಸಿಕೊಂಡ ಮೇಲೂ ಗೊತ್ತಾಗದೆ ಕೆಲಸ ಮಾಡಿದ್ದರು. ಅವರಿಂದ ಕೂದಲು ಕತ್ತರಿಸಿಕೊಂಡವರು 139 ಜನ. ಆ ಊರಲ್ಲಿ ಮಾಸ್ಕ್ ಕಡ್ಡಾಯ ಇದ್ದದ್ದರಿಂದ ಕತ್ತರಿಸುವವರೂ, ಕುರ್ಚಿಯಲ್ಲಿ ಕೂತವರೂ ಹಾಕಿಕೊಂಡಿದ್ದರು. ಪರೀಕ್ಷೆಗೆ ಒಪ್ಪಿದ 67 ಜನರಲ್ಲಿ ಒಬ್ಬರಿಗೂ ಪಾಸಿಟಿವ್ ಬರಲಿಲ್ಲ, ಉಳಿದವರಲ್ಲಿ ಯಾರಿಗೂ ಲಕ್ಷಣ ಕಾಣಿಸಲಿಲ್ಲ. ಕೂದಲು ಕತ್ತರಿಸುವಾಗ ಆರು ಅಡಿ ದೂರ ನಿಲ್ಲೋಕೆ ಆಗಲ್ಲ ಅಲ್ವಾ? ಕಿವಿ ಹತ್ತಿರವೇ ಉಸಿರಾಟ.

ಇದು ಪ್ರಯೋಗಾಲಯದ ಪುರಾವೆ ಅಲ್ಲ, ಒಂದು ಸಲೂನಿನ ಕಥೆ. ಅಷ್ಟಕ್ಕೇ ಇಡೀ ಪ್ರಪಂಚಕ್ಕೆ ನಿಯಮ ಬರೆಯೋಕೆ ಆಗಲ್ಲ. ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟರೆ ಥೀಮ್ ಪಾರ್ಕಿನ ಬಗ್ಗೆ ಒಂದು ಮುಖ್ಯ ವಿಷಯ ಗೊತ್ತಾಗುತ್ತೆ: ಅಪಾಯ ಇರೋದು ನಾವು ಬಾಯಿಂದ ಏನು ಹೊರಗೆ ಬಿಡ್ತೀವಿ ಅನ್ನೋದರಲ್ಲಿ. ರೋಲರ್ ಕೋಸ್ಟರ್ ಮೇಲೆ ಕೂತು ನಾವು ಮಾಡೋದಾದರೂ ಏನು? ಕಿರುಚೋದು!

ಜಪಾನಿನವರು ಇದನ್ನು ತುಂಬಾ ಸೀರಿಯಸ್ಸಾಗಿ ತಗೊಂಡರು. ಅಲ್ಲಿನ ಥೀಮ್ ಪಾರ್ಕ್ ಸಂಘಗಳ ಮಾರ್ಗಸೂಚಿಯಲ್ಲಿ ರೈಡ್‌ಗಳಲ್ಲಿ ಕೂಗಬೇಡಿ ಅಂತಲೇ ಇತ್ತು. ಆಗಲ್ಲ ಅಂತ ಜನ ದೂರಿದಾಗ ಫ್ಯೂಜಿ-ಕ್ಯೂ ಹೈಲ್ಯಾಂಡ್ ಅನ್ನೋ ಪಾರ್ಕಿನ ಇಬ್ಬರು ಹಿರಿಯ ಅಧಿಕಾರಿಗಳು ಸೂಟು ಟೈ ಹಾಕಿ, ಮಾಸ್ಕ್ ಕಟ್ಟಿಕೊಂಡು, ತಮ್ಮ ಫ್ಯೂಜಿಯಾಮಾ ಕೋಸ್ಟರ್ ಹತ್ತಿ, ತುಟಿ ಪಿಟಕ್ ಅನ್ನದೆ ಇಳಿದು ತೋರಿಸಿದರು. ವಿಡಿಯೋ ಕೊನೆಯಲ್ಲಿ ಬರುವ ಸಂದೇಶ: ಕಿರುಚೋದಿದ್ದರೆ ಮನಸ್ಸಿನೊಳಗೇ ಕಿರುಚಿ. ಆ ವರ್ಷದ ಬಗ್ಗೆ ಇದಕ್ಕಿಂತ ಸರಿಯಾದ ವಾಕ್ಯ ನಾನು ಓದಿಲ್ಲ. ಲ್ಯಾಪ್‌ಟಾಪ್ ಮುಂದೆ ದಿನಕ್ಕೆ ಆರು ಜೂಮ್ ಮೀಟಿಂಗ್ ಮಾಡುವವರಿಗೆ ಅಭ್ಯಾಸವೂ ಆಗಿದೆ.

ಪಾಪ್‌ಕಾರ್ನ್ ಹಿಡಿದ ಹ್ಯಾಕರ್‌ಗಳು

ಇಂಜಿನಿಯರ್ ಆಗಿ ನನಗೆ ಇಲ್ಲಿ ಹೆಚ್ಚು ಕುತೂಹಲ ಹುಟ್ಟಿಸಿದ್ದು ನಿಯಮ ಬರೆಯುವ ರೀತಿ.

ಬಯಲಲ್ಲೂ ಮಾಸ್ಕ್ ಯಾಕೆ ಅನ್ನೋದು ನ್ಯಾಯವಾದ ಪ್ರಶ್ನೆ. ಜುಲೈ ತಿಂಗಳ ಒರ್ಲಾಂಡೊ ಅಂದರೆ 33-34 ಡಿಗ್ರಿ ಬಿಸಿಲು, ಮಂಗಳೂರಿನ ಮೇ ತಿಂಗಳಿನ ಸೆಕೆ, ಮಧ್ಯಾಹ್ನ ಗುಡುಗು ಮಳೆ. ಹತ್ತು ನಿಮಿಷಕ್ಕೆ ಮಾಸ್ಕ್ ಒದ್ದೆ. ಸುತ್ತ ಯಾರೂ ಇಲ್ಲದ ದಾರಿಯಲ್ಲಿ ನಡೆಯುವಾಗ ಅದು ಬೇಕಾ? ನನ್ನ ಅಭಿಪ್ರಾಯದಲ್ಲಿ ಬೇಡ. ಗಾಳಿ ಆಡುವ ಜಾಗದಲ್ಲಿ ಅಪಾಯ ಕಡಿಮೆ ಅನ್ನೋದನ್ನು ತಜ್ಞರೂ ಒಪ್ಪುತ್ತಾರೆ.

ಆದರೆ ಅದನ್ನೇ ನಿಯಮವಾಗಿ ಬರೆದು ನೋಡಿ. 'ಬಯಲಲ್ಲಿದ್ದು, ಬೇರೆ ಮನೆಯವರಿಂದ ಆರು ಅಡಿ ದೂರ ಇದ್ದರೆ ಮಾಸ್ಕ್ ತೆಗೆಯಬಹುದು. ಕ್ಯೂ ಬಂದರೆ ಹಾಕಬೇಕು. ಕ್ಯೂ ಮಾಡಿನ ಕೆಳಗೆ ಹೋದರೆ ಹಾಕಲೇಬೇಕು. ಮೆರವಣಿಗೆ ನೋಡಲು ಜನ ಸೇರಿದರೆ...' ಇಫ್ ಒಳಗೆ ಇಫ್, ಅದರೊಳಗೆ ಇನ್ನೊಂದು ಇಫ್. ಇದನ್ನು ಜಾರಿ ಮಾಡಬೇಕಾದವರು ಯಾರು? ಗೇಟಿನಲ್ಲಿ ನಿಂತ ಹತ್ತೊಂಬತ್ತು ವರ್ಷದ ಹುಡುಗ. ಅವನ ಕೈಯಲ್ಲಿ ಅಳತೆ ಟೇಪ್ ಇಲ್ಲ. ದೂರದಿಂದ ನೋಡಿದ ತಕ್ಷಣ 'ಇದೆ' ಅಥವಾ 'ಇಲ್ಲ' ಅಂತ ಹೇಳುವಂತಿದ್ದರೆ ಮಾತ್ರ ಅಂಥ ನಿಯಮ ನಡೆಯುತ್ತೆ. ಎಲ್ಲರೂ, ಎಲ್ಲ ಕಡೆ, ಯಾವಾಗಲೂ ಅನ್ನೋದು ವಿಜ್ಞಾನದ ಪ್ರಕಾರ ಸ್ವಲ್ಪ ಜಾಸ್ತಿ, ಕೆಲಸದ ಪ್ರಕಾರ ಸರಿ.

ಇಷ್ಟು ಸರಳ ನಿಯಮಕ್ಕೂ ಜನ ಕಿಂಡಿ ಹುಡುಕಿದರು. ತಿನ್ನುವಾಗ, ಕುಡಿಯುವಾಗ ಮಾಸ್ಕ್ ತೆಗೆಯಬಹುದು ಅಂತ ಇತ್ತಲ್ಲ? ಕೈಯಲ್ಲಿ ಒಂದು ದೊಡ್ಡ ಪಾಪ್‌ಕಾರ್ನ್ ಡಬ್ಬ, ಇಲ್ಲವೇ ಒಂದು ಕೋಕ್ ಹಿಡಿದುಕೊಂಡು, ಒಂದೊಂದೇ ಕಾಳು ಬಾಯಿಗೆ ಹಾಕುತ್ತಾ, ಗಂಟೆಗಟ್ಟಲೆ ಪಾರ್ಕ್ ತುಂಬಾ ಸುತ್ತಿದರು. ಕೇಳಿದರೆ 'ತಿಂತಾ ಇದೀನಲ್ಲ'. ಪಾರ್ಕ್ ತೆರೆದು ಒಂದು ವಾರ ಕಳೆಯೋದರೊಳಗೆ ಡಿಸ್ನಿ ನಿಯಮಕ್ಕೆ ಪ್ಯಾಚ್ ಹಾಕಿತು: ತಿನ್ನುವಾಗ ಒಂದು ಕಡೆ ನಿಂತಿರಬೇಕು, ಬೇರೆಯವರಿಂದ ದೂರ ಇರಬೇಕು. ನಡೆಯುತ್ತಾ ತಿನ್ನುವ ಹಾಗಿಲ್ಲ. ಬಲೆಯಂಥ ಬಟ್ಟೆಯ ಮಾಸ್ಕ್, ಕುತ್ತಿಗೆಗೆ ಹಾಕುವ ಗೇಟರ್, ತ್ರಿಕೋನದ ಕರ್ಚೀಫು, ಕವಾಟ ಇರುವ ಮಾಸ್ಕ್, ಇವೂ ನಡೆಯೋದಿಲ್ಲ ಅಂತಾಯಿತು. ಕವಾಟದ ವಿಷಯ ಕೇಳಿ ನಮ್ಮ ಬೆಂಗಳೂರಿನ ಕಸಿನ್‌ಗೆ ಆಶ್ಚರ್ಯ, 'ನಾನು ಅದನ್ನೇ ಜಾಸ್ತಿ ದುಡ್ಡು ಕೊಟ್ಟು ತಗೊಂಡೆನಲ್ಲೇ' ಅಂದಳು. ಕವಾಟ ಇರುವ ಮಾಸ್ಕ್ ಒಳಗೆ ಬರುವ ಗಾಳಿಯನ್ನು ಸೋಸುತ್ತೆ, ಹೊರಗೆ ಹೋಗುವ ಉಸಿರನ್ನು ಹಾಗೇ ಬಿಡುತ್ತೆ. ಹಾಕಿಕೊಂಡವರಿಗೆ ರಕ್ಷಣೆ, ಎದುರಿಗಿರುವವರಿಗೆ ಇಲ್ಲ.

ಮಾಸ್ಕ್ ಇಲ್ಲದೆ ಸ್ವಲ್ಪ ಹೊತ್ತು ಉಸಿರಾಡಲಿ ಅಂತ ಡಿಸ್ನಿಯೂ ಯೂನಿವರ್ಸಲ್ಲೂ ಬೇರೆ ಜಾಗಗಳನ್ನೇ ಮಾಡಿದ್ದವು. ಇದು ಒಳ್ಳೇ ಡಿಸೈನ್. ನಿಯಮದ ಒತ್ತಡ ಹೊರಗೆ ಹೋಗೋಕೆ ಒಂದು ಜಾಗ ಬೇಕು, ಪ್ರೆಷರ್ ಕುಕ್ಕರಿಗೆ ವಿಷಲ್ ಇದ್ದ ಹಾಗೆ.

ಒಂದು ವಿಷಯದಲ್ಲಿ ಮಾತ್ರ ನನಗೆ ಸಮಾಧಾನ ಇಲ್ಲ. ಆಟಿಸಂ ಇರುವ ಮಗು, ಉಸಿರಾಟದ ತೊಂದರೆ ಇರುವವರು, ತುಟಿ ಓದಿ ಮಾತು ಅರ್ಥ ಮಾಡಿಕೊಳ್ಳುವ ಕಿವುಡರು, ಇವರ ಪಾಲಿಗೆ ಈ ಸರಳ ನಿಯಮ ಬಾಗಿಲು ಮುಚ್ಚಿದ ಹಾಗೇ ಇತ್ತು. ಸುಳ್ಳು ಸರ್ಟಿಫಿಕೇಟ್ ಪ್ರಿಂಟ್ ಮಾಡಿಕೊಂಡು ತಿರುಗುವವರಿಂದಾಗಿ ನಿಜವಾದ ಕಷ್ಟ ಇರುವವರನ್ನೂ ಯಾರೂ ನಂಬದಂತಾಗಿದೆ. ಎರಡು-ಮೂರು ವರ್ಷದ ಮಕ್ಕಳ ವಿಷಯವೂ ಅಷ್ಟೆ. ಎರಡೂವರೆ ವರ್ಷದ ಮಗು ಎಂಟು ಗಂಟೆ ಮಾಸ್ಕ್ ಹಾಕಿಕೊಂಡಿರುತ್ತೆ ಅಂತ ಬರೆದವರ ಮನೆಯಲ್ಲಿ ಮಕ್ಕಳಿಲ್ಲ ಅನ್ನಿಸುತ್ತೆ. ಅಷ್ಟು ಚಿಕ್ಕವರನ್ನು ಆ ವರ್ಷ ಕರೆದುಕೊಂಡು ಹೋಗದಿರೋದೇ ವಾಸಿ ಆಗಿತ್ತು.

ಲೈನ್ ಕ್ಲಿಯರ್

ಈಗ ನಮ್ಮ ಹಾಲ್‌ಗೆ ಬರ್ತೀನಿ.

ಅತ್ತೆ, ಮಾವ ಫೆಬ್ರವರಿಯಲ್ಲಿ ಮೈಸೂರಿಂದ ಬಂದರು. ಮೊಮ್ಮಗನ ಜೊತೆ ಮೂರು ತಿಂಗಳು ಇದ್ದು ಹೋಗುವ ಲೆಕ್ಕ. ಮಾರ್ಚ್ ಕೊನೆಯಲ್ಲಿ ಭಾರತ ಅಂತಾರಾಷ್ಟ್ರೀಯ ವಿಮಾನ ನಿಲ್ಲಿಸಿತು, ಇಲ್ಲೇ ಸಿಕ್ಕಿಹಾಕಿಕೊಂಡರು. ಮಾವನಿಗೆ 68, ಬಿಪಿ, ಶುಗರ್ ಎರಡೂ ಇದೆ. ಊರಿಂದ ತಂದ ಮಾತ್ರೆ ಮುಗಿದು, ಕೊರಿಯರ್‌ನಲ್ಲಿ ತರಿಸೋಷ್ಟರಲ್ಲಿ ಸಾಕಾಯಿತು. ಈಗ ಆಗಸ್ಟ್‌ನಲ್ಲಿ ವಂದೇ ಭಾರತ್ ವಿಮಾನದಲ್ಲಿ ಎರಡು ಸೀಟು ಸಿಕ್ಕಿದೆ. ಅದಕ್ಕೆ ಮುಂಚೆ ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಸೀಟು ಹೋಯಿತು ಅಂತಲೇ ಲೆಕ್ಕ. ಇಲ್ಲಿ ಪರೀಕ್ಷೆ ಮಾಡಿಸಿದರೆ ಫಲಿತಾಂಶಕ್ಕೆ ವಾರಗಟ್ಟಲೆ ಕಾಯಬೇಕಾದ ಸ್ಥಿತಿ ಇತ್ತು.

ಇಂಥ ಹೊತ್ತಲ್ಲಿ ನನ್ನ ಗಂಡನಿಗೆ ಒಂದು ಆಸೆ. ಅಪ್ಪ ಅಮ್ಮ ಇಷ್ಟು ತಿಂಗಳು ಇದ್ದೂ ನಾಲ್ಕು ಗೋಡೆ ಬಿಟ್ಟು ಏನೂ ನೋಡಲಿಲ್ಲ, ಮತ್ತೆ ಯಾವಾಗ ಬರ್ತಾರೋ, ಒಂದು ಸಂಜೆ ಡಿಸ್ನಿ ಸ್ಪ್ರಿಂಗ್ಸ್‌ಗಾದರೂ ಕರೆದುಕೊಂಡು ಹೋಗೋಣ ಅಂತ. ನಾಲ್ಕು ವರ್ಷದ ಮಗ ಆಗಲೇ ಶೂ ಹಾಕಿಕೊಂಡಾಗಿತ್ತು. ನಾನು ಬೇಡ ಅಂದೆ.

'ಅಲ್ಲಿ ಎಲ್ಲರೂ ಮಾಸ್ಕ್ ಹಾಕ್ತಾರೆ ಕಣೇ, ನಮ್ಮ ಸೂಪರ್ ಮಾರ್ಕೆಟ್‌ಗಿಂತ ಅದೇ ಸೇಫು' ಅಂತ ಇವರು. ಅದರಲ್ಲೂ ಸ್ವಲ್ಪ ನಿಜ ಇತ್ತು. 'ಎಲ್ಲರೂ ಹಾಕಲಿ ಬಿಡಲಿ, ನಾವು ಗಟ್ಟಿ ಮಾಸ್ಕ್ ಹಾಕ್ಕೊಂಡ್ರೆ ಆಯ್ತಲ್ಲ, ಬೇರೆಯವರ ಚಿಂತೆ ಯಾಕೆ?'

ಅಲ್ಲಿಯವರೆಗೆ ಸುಮ್ಮನಿದ್ದ ಮಾವ ಆಗ ಮಾತಾಡಿದರು. ಅವರು ಕೆ.ಇ.ಬಿ.ಯಲ್ಲಿ ಮೂವತ್ನಾಲ್ಕು ವರ್ಷ ಕೆಲಸ ಮಾಡಿದವರು.

'ಲೈನ್ ಕ್ಲಿಯರ್ ಅಂದ್ರೆ ಏನು ಗೊತ್ತೇನೋ ನಿಂಗೆ?' ಅಂದರು ಮಗನಿಗೆ. 'ಕಂಬ ಹತ್ತೋ ಮುಂಚೆ ಸ್ಟೇಷನ್‌ನವನ ಹತ್ರ ಲೈನ್ ಕ್ಲಿಯರ್ ತಗೋಬೇಕು. ಅವನು ಸ್ವಿಚ್ ತೆಗೆದು, ಬೋರ್ಡ್ ನೇತುಹಾಕಿ, ಬುಕ್ಕಲ್ಲಿ ಬರೆದು, ಆಮೇಲೆ ಹೂಂ ಅನ್ಬೇಕು. ಇವನು ಕೆಲಸ ಮುಗಿಸಿ ವಾಪಸ್ ಕೊಡೋ ತನಕ ಸ್ವಿಚ್ ಮುಟ್ಟೋ ಹಾಗಿಲ್ಲ. ಮಜಾ ಏನು ಗೊತ್ತಾ, ಸ್ಟೇಷನ್‌ನಲ್ಲಿ ಕೂತವನಿಗೆ ಶಾಕ್ ಹೊಡೆಯೋದೇ ಇಲ್ಲ. ಅವನು ಫ್ಯಾನ್ ಕೆಳಗೆ ಟೀ ಕುಡೀತಿರ್ತಾನೆ. ಹೊಡೆಯೋದು ಮೈಲಿ ದೂರದಲ್ಲಿ ಕಂಬದ ಮೇಲಿರೋನಿಗೆ. ಕಂಬದ ಮೇಲಿರೋನು ಎಷ್ಟೇ ಗ್ಲೌಸ್ ಹಾಕ್ಕೊಳ್ಳಲಿ, ಅವನ ಜೀವ ಇರೋದು ಆ ಟೀ ಕುಡಿಯೋನ ಕೈಯಲ್ಲಿ.'

ಇವರು ಏನೋ ಹೇಳೋಕೆ ಬಾಯಿ ತೆಗೆದು ಸುಮ್ಮನಾದರು. ಮಾವ ಮೊಮ್ಮಗನ ಶೂ ಬಿಚ್ಚಿದರು. ಅವನು ಅತ್ತ. ಅವತ್ತು ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ ಅನ್ನೋದನ್ನೂ ಹೇಳಬೇಕು. ಸರಿಯಾದ ತೀರ್ಮಾನ ಅಂದ ಮಾತ್ರಕ್ಕೆ ಖುಷಿ ಆಗುತ್ತೆ ಅಂತೇನಿಲ್ಲ. ಅತ್ತೆ ಮಾವ ಇನ್ನೊಮ್ಮೆ ಅಷ್ಟು ದೂರದ ಪ್ರಯಾಣ ಮಾಡ್ತಾರೋ ಇಲ್ಲವೋ.

ಬಾಗಿಲಲ್ಲಿ ನಿಲ್ಲುವವರು

ಮಾವ ಹೇಳಿದ ಕಂಬದ ಮೇಲಿನ ಮನುಷ್ಯ ಈ ಊರಲ್ಲಿ ಯಾರು ಅಂತ ಯೋಚಿಸಿದರೆ ನನಗೆ ಪಕ್ಕದ ಮನೆಯಾಕೆ ನೆನಪಾಗುತ್ತಾರೆ. ಐವತ್ತು ದಾಟಿದವರು, ಒಬ್ಬರೇ ಇರೋದು. ಇಲ್ಲಿನ ಒಂದು ಪಾರ್ಕಿನ ಅಂಗಡಿಯಲ್ಲಿ ಕೆಲಸ. ಮಾರ್ಚ್‌ನಿಂದ ಮನೆಯಲ್ಲಿದ್ದು, ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕಿ ಹಾಕಿ ಸೋತು, ಈ ತಿಂಗಳು ಮತ್ತೆ ಕರೆ ಬಂದಾಗ ಖುಷಿಯಿಂದಲೇ ಹೋದರು. ಈಗ ಅವರ ಕೆಲಸ ಬಟ್ಟೆ ಗೊಂಬೆ ಮಾರೋದಕ್ಕಿಂತ ಹೆಚ್ಚಾಗಿ 'ಸರ್, ಮಾಸ್ಕ್ ಮೂಗಿನ ಮೇಲೆ ಹಾಕಿ ಪ್ಲೀಸ್' ಅನ್ನೋದು. ದಿನಕ್ಕೆ ನೂರು ಸಲ. ಹೆಚ್ಚಿನವರು ಸಾರಿ ಅಂತ ಹಾಕ್ಕೋತಾರಂತೆ. ಕೆಲವರು ಗೊಣಗುತ್ತಾರೆ. ಒಬ್ಬರಿಬ್ಬರು ಮುಖದ ಹತ್ತಿರವೇ ಬಂದು, ಮಾಸ್ಕ್ ಕೆಳಗಿಳಿಸಿ, ಕೂಗ್ತಾರೆ. ಅವರಿಗೆ ಭಯ ಆಗೋದು ಆ ಒಬ್ಬರಿಬ್ಬರದ್ದು.

ಆ ಭಯ ಕಾಲ್ಪನಿಕ ಅಲ್ಲ. ಮೇ 1ರಂದು ಮಿಷಿಗನ್‌ನ ಫ್ಲಿಂಟ್ ಊರಿನ ಒಂದು ಅಂಗಡಿಯಲ್ಲಿ, ಗ್ರಾಹಕರೊಬ್ಬರ ಮಗಳಿಗೆ ಮಾಸ್ಕ್ ಹಾಕಲು ಹೇಳಿದ್ದಕ್ಕೆ ಶುರುವಾದ ಜಗಳದಲ್ಲಿ ಸೆಕ್ಯುರಿಟಿ ಗಾರ್ಡನ್ನು ಗುಂಡಿಟ್ಟು ಕೊಂದರು. ನಲವತ್ತು ದಾಟಿದ ಮನುಷ್ಯ, ಹೆಂಡತಿ ಮಕ್ಕಳಿದ್ದವರು.

ಹಾಗಾಗಿ ಸರ್ಕಾರ ಸುಮ್ಮನಿದ್ದು 'ಅಂಗಡಿಯವರೇ ನೋಡಿಕೊಳ್ಳಲಿ' ಅಂದರೆ ಅದರ ಅರ್ಥ ಏನು? ಇಡೀ ದೇಶ ತೀರ್ಮಾನಿಸಲಾಗದ ಜಗಳವನ್ನು ಗಂಟೆ ಲೆಕ್ಕದಲ್ಲಿ ಸಂಬಳ ತಗೊಳ್ಳುವ ಗೇಟಿನ ಹುಡುಗನ ತಲೆಗೆ ಕಟ್ಟಿದ ಹಾಗೆ. ಕಾಸ್ಟ್‌ಕೊ ಮೇ 4ರಿಂದಲೇ ಮಾಸ್ಕ್ ಕಡ್ಡಾಯ ಮಾಡಿತು. ವಾಲ್‌ಮಾರ್ಟ್ ಜುಲೈ 20ರವರೆಗೂ ಕಾಯಿತು. ಪಕ್ಕದ ಜಾರ್ಜಿಯಾದಲ್ಲಂತೂ ಅಟ್ಲಾಂಟಾ ಮೇಯರ್ ಮಾಸ್ಕ್ ಕಡ್ಡಾಯ ಮಾಡಿದ್ದಕ್ಕೆ ಅಲ್ಲಿನ ರಾಜ್ಯಪಾಲ ಬ್ರಯಾನ್ ಕೆಂಪ್ ಜುಲೈ 16ಕ್ಕೆ ಕೋರ್ಟಿಗೇ ಹೋದರು. ಮೇಲೆ ಇಂಥ ನಾಟಕ ನಡೆಯುತ್ತಿರುವಾಗ ಕೆಳಗೆ ನಿಂತು 'ಮೂಗು ಮುಚ್ಚಿ ಸರ್' ಅನ್ನೋರ ಮಾತಿಗೆ ಯಾರು ಬೆಲೆ ಕೊಡ್ತಾರೆ? ನನ್ನನ್ನು ಕೇಳಿದರೆ, ಮಾಸ್ಕ್ ಆದೇಶದ ದೊಡ್ಡ ಉಪಯೋಗ ದಂಡ ಅಲ್ಲ. 'ನಾನು ಹೇಳ್ತಿಲ್ಲ ಸರ್, ಸರ್ಕಾರ ಹೇಳಿದೆ' ಅಂತ ಬಾಗಿಲಲ್ಲಿ ನಿಂತವರು ಹೇಳಬಹುದಲ್ಲ, ಅದು.

ನಮ್ಮ ಕಡೆ ಅಷ್ಟರ ಮಟ್ಟಿಗೆ ಸ್ಪಷ್ಟ ಇತ್ತು. ಬೆಂಗಳೂರಿನಲ್ಲಿ ಜೂನ್ 8ಕ್ಕೆ ಮಾಲ್‌ಗಳು ತೆರೆದಾಗ ಮಾಸ್ಕ್ ಬೇಕಾ ಬೇಡವಾ ಅನ್ನೋ ಪ್ರಶ್ನೆಯೇ ಇರಲಿಲ್ಲ. ಇಲ್ಲದಿದ್ದರೆ ಪಾಲಿಕೆಯವರು 200 ರೂಪಾಯಿ ದಂಡ ಹಾಕ್ತಿದ್ದರು. ಸಮಸ್ಯೆ ಬೇರೆ. ವಿಡಿಯೋ ಕಾಲ್‌ನಲ್ಲಿ ಗಾಂಧಿ ಬಜಾರ್ ತೋರಿಸಿದ ಕಸಿನ್ ಹೇಳಿದಳು, 'ಎಲ್ಲರ ಹತ್ರಾನೂ ಇದೆ ಕಣೇ, ಗಲ್ಲದ ಮೇಲೆ.' ಇಲ್ಲಿನವರು ಹಾಕಲ್ಲ ಅಂತ ಭಾಷಣ ಮಾಡ್ತಿದ್ದರು. ನಮ್ಮವರು ಭಾಷಣ ಮಾಡ್ತಿರಲಿಲ್ಲ, ಪೊಲೀಸ್ ಕಂಡ ತಕ್ಷಣ ಮೇಲೆ ಎಳೀತಿದ್ದರು. ಜುಲೈ 14ರ ರಾತ್ರಿಯಿಂದ ಒಂದು ವಾರ ಬೆಂಗಳೂರು ಮತ್ತೆ ಲಾಕ್‌ಡೌನ್ ಆಯಿತು. ಅದರ ಮರುದಿನವೇ, ಜೂನ್ 18ಕ್ಕೆ ತೆರೆದಿದ್ದ ಹಾಂಗ್‌ಕಾಂಗ್ ಡಿಸ್ನಿಲ್ಯಾಂಡ್ ಮತ್ತೆ ಮುಚ್ಚಿತು. ಅಲ್ಲಿ ಜನ ಮಾಸ್ಕ್ ಹಾಕ್ತಿರಲಿಲ್ಲ ಅಂತಲ್ಲ, ನಗರದಲ್ಲಿ ಪ್ರಕರಣ ಏರಿತು. ಮಾಸ್ಕ್ ಒಂದೇ ಎಲ್ಲವನ್ನೂ ತಡೆಯುತ್ತೆ ಅಂತ ನಂಬಿಕೊಂಡು ಟಿಕೆಟ್ ಬುಕ್ ಮಾಡುವವರು ಈ ಹಾಂಗ್‌ಕಾಂಗ್ ವಿಷಯ ನೆನಪಿಟ್ಟುಕೊಳ್ಳಬೇಕು. ಇತ್ತ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಜುಲೈ 17ಕ್ಕೆ ತೆರೆಯುವ ಯೋಚನೆಯನ್ನೇ ಕೈಬಿಟ್ಟು, ಪಕ್ಕದ ಅಂಗಡಿ ಬೀದಿ ಮಾತ್ರ ತೆರೆದಿತ್ತು.

ಹೋಗಲೇಬೇಕು ಅನ್ನುವ ಸ್ನೇಹಿತರು ಕೇಳಿದಾಗ ನಾನು ಹೇಳೋದು ಇಷ್ಟು: ವಾರದ ದಿನ ಬೆಳಿಗ್ಗೆ ಹೋಗಿ, ವಯಸ್ಸಾದವರು ಮನೆಯಲ್ಲಿದ್ದರೆ ಹೋಗಬೇಡಿ, ತಲೆಗೆ ಮೂರು ಮಾಸ್ಕ್ ಇಟ್ಟುಕೊಳ್ಳಿ, ಒದ್ದೆಯಾದ ಮಾಸ್ಕ್‌ನಲ್ಲಿ ಉಸಿರಾಡೋದು ಕಷ್ಟ. ಮಕ್ಕಳಿಗೆ ಒಂದು ವಾರ ಮುಂಚಿನಿಂದ ಮನೆಯಲ್ಲೇ ಅಭ್ಯಾಸ ಮಾಡಿಸಿ. ನಮ್ಮವನಿಗೆ ನಾವು ಕಾರ್ಟೂನ್ ನೋಡುವ ಅರ್ಧ ಗಂಟೆ ಮಾಸ್ಕ್ ಹಾಕಬೇಕು ಅಂತ ಮಾಡಿದ್ವಿ, ಈಗ ಅವನೇ ನೆನಪಿಸ್ತಾನೆ.

ಅತ್ತೆ ಮಾತ್ರ ನಮ್ಮ ಚರ್ಚೆಗಳಿಗೆ ತಲೆ ಹಾಕಿದವರಲ್ಲ. ಪಕ್ಕದ ಮನೆಯಾಕೆಯ ಮಾಸ್ಕ್ ಮಧ್ಯಾಹ್ನದ ಹೊತ್ತಿಗೆ ಹಿಂಡುವಷ್ಟು ಒದ್ದೆ ಆಗುತ್ತೆ ಅಂತ ನನ್ನಿಂದ ಕೇಳಿ ತಿಳಿದಿದ್ದರು. ಮೊನ್ನೆ ನೋಡಿದರೆ ಮಾವನ ಹಳೇ ಪಂಚೆ ಕತ್ತರಿಸಿಕೊಂಡು ಕೂತಿದ್ದಾರೆ. ಬಟ್ಟೆ ತೆಳು, ನಾಲ್ಕು ಪದರ ಹಾಕ್ತೀನಿ, ಬೆವರು ಹೀರುತ್ತೆ, ಬೇಗ ಒಣಗುತ್ತೆ ಅಂದರು. ಹೊಲಿಗೆ ಮಿಷನ್ ಇಲ್ಲ, ಎಲ್ಲ ಕೈಹೊಲಿಗೆ. ಆರು ರೆಡಿ ಆಗಿದೆ. ಕಿವಿಯ ದಾರ ಎಷ್ಟು ಉದ್ದ ಇರಬೇಕು ಅಂತ ಕೇಳಿಕೊಂಡು ಬಾ ಅಂತ ನನ್ನನ್ನು ಬೇಲಿ ಹತ್ತಿರ ಕಳಿಸಿದ್ದಾರೆ.